ಆರದ ಬೆವರು

ಏಪ್ರಿಲ್ 2, ಬುಧವಾರ

ಈ ದಿನಚರಿ ಪುಸ್ತಕ ಸಂಗನಬಸವನ ಗೊಬ್ಬರದ ಅಂಗಡಿಯಲ್ಲಿ ಪುಕ್ಕಟೆ ಕೊಟ್ಟದ್ದು. ಜನವರಿಯಿಂದ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ಒರೆಸಿ ತೆಗೆದೆ, ಮಗಳ ತೂಕ ಬರೆದಿಡಲಿಕ್ಕೆ. ಬೇರೆ ಯಾರಿಗೂ ಇದರಲ್ಲಿ ಕೆಲಸವಿಲ್ಲ. ಮನೆಯಾಕೆ ಅನ್ನವ್ವನಿಗಂತೂ ಇದು ಎಲ್ಲಿದೆ ಎಂಬುದೂ ಗೊತ್ತಾಗಕೂಡದು.

ಶೈಲಾ ಇವತ್ತು 54.6 ಕಿಲೋ. ಜಿಲ್ಲಾ ಆಯ್ಕೆ ಕುಸ್ತಿ ಇಪ್ಪತ್ತನೇ ತಾರೀಖು, ಧಾರವಾಡದಲ್ಲಿ. ನನಗೆ ಬೇಕಾದದ್ದು 50. ಉಳಿದದ್ದು ಹದಿನೆಂಟು ದಿನ.

55ರ ಗುಂಪಿನಲ್ಲಿ ನವಲಗುಂದ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಎತ್ತಿನ ಕುತ್ತಿಗೆ ಅವಳದು. ಹೋದ ವರ್ಷ ನಮ್ಮವಳನ್ನು ನಲವತ್ತು ಸೆಕೆಂಡಿನಲ್ಲಿ ಚಿತ್ ಮಾಡಿದಳು. ನಮ್ಮೂರು ತಂಬೂರಿನ ಮಂದಿಯೆಲ್ಲ ಮೊಬೈಲಿನಲ್ಲಿ ಅದನ್ನು ನೋಡಿದರು. ಆ ನಲವತ್ತು ಸೆಕೆಂಡು ಇನ್ನೂ ನನ್ನ ಗಂಟಲಲ್ಲೇ ಇದೆ. 50ರ ಗುಂಪಿನಲ್ಲಿ ಇರುವವರೆಲ್ಲ ಕಡ್ಡಿಗಳು. ಶೈಲಾ ಅಲ್ಲಿಗೆ ಇಳಿದರೆ ಒಬ್ಬೊಬ್ಬರನ್ನೇ ಎತ್ತಿ ಒಗೆದು ಬರುತ್ತಾಳೆ.

ದಾರಿ ನನಗೆ ಗೊತ್ತಿದೆ. ಬೆವರು ಇಳಿಸಬೇಕು. ನನಗೆ ಕುಸ್ತಿ ಕಲಿಸಿದ ವಸ್ತಾದರು ನಮಗೆ ಎರಡೆರಡು ಕಂಬಳಿ ಹೊದಿಸಿ ಮಧ್ಯಾಹ್ನ ಓಡಿಸುತ್ತಿದ್ದರು. ನಾನೇನು ಸತ್ತೆನೇ? ಈಗ ಊರ ಗರಡಿಗೆ ನಾನೇ ವಸ್ತಾದ. ಐವತ್ತೊಂದು ವಯಸ್ಸಿಗೂ ಇಪ್ಪತ್ತರ ಹುಡುಗರು ನನ್ನ ಕಾಲು ಕದಲಿಸಲಾರರು.

ಒಂದು ಮಾತು ಬರೆದಿಡುತ್ತೇನೆ. ಗರಡಿಯ ಮಣ್ಣಿನ ಹೊರಗೆ ಈರಬಸಪ್ಪ ಯಾರ ಮೇಲೂ ಕೈ ಎತ್ತಿದವನಲ್ಲ. ಸಿಟ್ಟು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅದನ್ನು ಮಣ್ಣಿನಲ್ಲೇ ಬಿಟ್ಟು, ಕಾಲು ತೊಳೆದು ಮನೆಗೆ ಬರುತ್ತೇನೆ.

ಏಪ್ರಿಲ್ 4, ಶುಕ್ರವಾರ

ಕಂಬಳಿ ಈಗಿನ ಕಾಲಕ್ಕೆ ಆಗದು, ಓಡುವಾಗ ಜಾರುತ್ತದೆ. ಹೊಸ ಪ್ಲಾಸ್ಟಿಕ್ ತಾಡಪತ್ರಿ ತಂದು ಕೌದಿ ಹೊಲಿಯುವ ಮೈಮುನಬಿಯ ಮನೆಗೆ ಹೋದೆ. ಅಂಗಿ ಮತ್ತು ಪ್ಯಾಂಟು, ಕುತ್ತಿಗೆ, ಮುಂಗೈ, ಪಾದದ ಹತ್ತಿರ ಎಲಾಸ್ಟಿಕ್ಕು, ಒಂದು ಸೊಳ್ಳೆಯೂ ಒಳಗೆ ಹೋಗಬಾರದು ಎಂದೆ.

"ಯಾರಿಗ್ರಿ ಇದು?" ಎಂದಳು.

"ಹತ್ತಿಗೆ ಔಷಧ ಹೊಡಿಯಾಕ."

"ಈಗೆಲ್ಲೈತ್ರಿ ಹತ್ತಿ?" ಎಂದು ಕನ್ನಡಕದ ಮೇಲಿಂದ ನೋಡಿದಳು. ಅಳತೆಯ ಚೀಟಿ ನೋಡಿದಳು. ಮತ್ತೇನೂ ಕೇಳಲಿಲ್ಲ. ಹೆಂಗಸರು ಪ್ರಶ್ನೆ ಕೇಳುವುದಕ್ಕಿಂತ ಕೇಳದೆ ಇರುವುದು ನನಗೆ ಹೆಚ್ಚು ಸಿಟ್ಟು ತರುತ್ತದೆ. ಆದರೂ ಸಂಜೆಯೊಳಗೆ ಹೊಲಿದು ಕಳಿಸಿದಳು.

ಏಪ್ರಿಲ್ 5, ಶನಿವಾರ

ಮೊದಲ ದಿನ. ಒಳಗೆ ಬನಿಯನ್ನು, ಅದರ ಮೇಲೆ ಅವರಜ್ಜನ ಉಣ್ಣೆಯ ಸ್ವೆಟರು, ಉಣ್ಣೆಯ ಪೈಜಾಮ, ಎಲ್ಲದರ ಮೇಲೆ ತಾಡಪತ್ರಿ. ಹಾಕುವ ಮೊದಲು ಎಲ್ಲವನ್ನೂ ಸಂಗನಬಸವನ ಅಂಗಡಿಯ ಕಾಟಾದ ಮೇಲೆ ಇಟ್ಟು ತೂಗಿದೆ. ಎರಡು ಕಿಲೋ ನೂರು ಗ್ರಾಂ. ಇದನ್ನು ಯಾಕೆ ಬರೆಯುತ್ತೇನೆಂದರೆ, ಓಟ ಮುಗಿದ ಮೇಲೆ ಅಂಗಡಿಯ ಮುಂದೆ ಹತ್ತು ಗಂಡಸರು ಕೂತಿರುತ್ತಾರೆ. ಹದಿನೆಂಟರ ಹುಡುಗಿಗೆ ಅಲ್ಲಿ ಬಟ್ಟೆ ಬಿಚ್ಚು ಎನ್ನಲಾದೀತೇ? ಬಟ್ಟೆ ಸಮೇತ ನಿಲ್ಲಿಸುವುದು, ಎರಡು ಕಿಲೋ ನೂರು ಕಳೆಯುವುದು. ಲೆಕ್ಕ ಸರಳ.

ಬೆಳಿಗ್ಗೆ ಎಂಟೂವರೆಗೆ ಅವಳನ್ನು ಓಡಲು ಬಿಟ್ಟೆ. ನಾನು ಹಿಂದೆ ಮೋಟಾರ್ ಸೈಕಲ್ ಮೇಲೆ. ಹತ್ತಕ್ಕೆ ಅಂಗಡಿ. ಕಾಟಾ 56 ತೋರಿಸಿತು. ಅಂದರೆ 53.9. ಒಂದೇ ಓಟಕ್ಕೆ ಏಳುನೂರು ಗ್ರಾಂ! ಸಂಗನಬಸವನಿಗೆ ಚಹಾ ಕುಡಿಸಿದೆ. ಶೈಲಾ ಕಟ್ಟೆಯ ಮೇಲೆ ಕೂತು ತಲೆ ತೊಡೆಗಳ ನಡುವೆ ಇಟ್ಟುಕೊಂಡಿದ್ದಳು. "ಅಪ್ಪಾ, ಒಳಗ ಒಲಿ ಹಚ್ಚಿದಂಗ ಆಗೇತಿ" ಎಂದಳು. ಹಚ್ಚಿದ್ದೇ ಅದಕ್ಕೆ ಅಲ್ಲವೇ, ಎಂದೆ. ನಕ್ಕಳು. ನನ್ನ ಮಗಳು ಗಟ್ಟಿ.

ಏಪ್ರಿಲ್ 7, ಸೋಮವಾರ

53.4. ಜಗತ್ತಿನಲ್ಲಿ ನನಗೆ ಬೇಕಾದದ್ದು ಇನ್ನು ಮೂರು ಕಿಲೋ ನಾನೂರು ಗ್ರಾಂ ಮಾತ್ರ.

ಏಪ್ರಿಲ್ 9, ಬುಧವಾರ

ಮೋಸ. ತಾಡಪತ್ರಿಯ ಅಂಗಿ ಒಣಗಲು ಹಾಕಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಎರಡೂ ಬಗಲಲ್ಲಿ ನಾಲ್ಕು ನಾಲ್ಕು ಬೆರಳು ಹೊಲಿಗೆಯೇ ಇಲ್ಲ. ಬೆನ್ನಿನಲ್ಲೂ ಒಂದು ಕಿಂಡಿ, ಮೇಲೆ ಪಟ್ಟಿ ಇಳಿಬಿಟ್ಟು ಕಾಣದ ಹಾಗೆ ಮುಚ್ಚಿದ್ದಾಳೆ. ಅಂಗಿ ಹಿಡಿದುಕೊಂಡೇ ಮೈಮುನಬಿಯ ಮನೆಗೆ ಹೋದೆ. ಹೊರಗಿನ ಪಡಸಾಲೆಯಲ್ಲಿ ಮಷೀನು ತುಳಿಯುತ್ತಿದ್ದಳು.

"ಬಗಲಾಗ ಬಾಯಿ ಯಾಕ ಬಿಟ್ಟಿ?"

ಅವಳು ಹೆದರಲಿಲ್ಲ. "ನೀವು ಔಷಧ ಹೊಡಿಯಾಕ ಅಂದ್ರಿ, ಅಳತಿ ಶೈಲಾಂದು ಕೊಟ್ರಿ. ನಾ ನಲವತ್ತ ವರ್ಷ ಕೌದಿ ಹೊಲದೀನ್ರಿ ಗೌಡ್ರ. ಕೌದಿ ತಾನ ಬಿಸಿ ಕೊಡೂದಿಲ್ಲ. ಬಿಸಿ ಇರೂದು ನಮ್ಮ ಮೈಯಾಗ. ಪದರು ಪದರಿನ ನಡುಕ ಗಾಳಿ ಸಿಕ್ಕೊಂಡು, ಆ ಬಿಸಿ ಹೊರಗ ಹೋಗದಂಗ ಹಿಡಕೊಂಡ ಕುಂದರತೈತಿ, ಅಷ್ಟ. ಥಂಡ್ಯಾಗ ಅದು ಚೊಲೋ. ಈ ಬಿಸಲಾಗ ಓಡೋ ಕೂಸಿಗೆ ಅದು ಯಾಕ ಬೇಕ್ರಿ?"

"ಬೆವರ ಹೋಗಲೆಂತ."

"ಬೆವರ ಸುರದ್ರ ಮೈ ತಂಪಾಗೂದಿಲ್ರಿ. ಆರಿದ್ರ ತಂಪಾಗತೈತಿ. ಅದು ಆರಾಕ ಒಂದೀಟ ಕಿಂಡಿ ಬಿಟ್ಟೀನಿ."

ಕೌದಿ ಹೊಲಿಯುವವಳು ವಸ್ತಾದನಿಗೆ ಬೆವರಿನ ಪಾಠ ಹೇಳುವುದು! ಮಷೀನಿಗೆ ಒಂದು ಒದ್ದೆ. ಅದು ಅವಳ ಕಡೆಗೇ ಮಗುಚಿ ಬಿತ್ತು. ಅವಳು "ಯಾ ಅಲ್ಲಾ" ಎಂದು ಕೂಗಿದಳು. ಕಾಲಿನ ಮೇಲೆ ಬಿದ್ದಿತೋ ಏನೋ, ನಾನು ನೋಡಲು ನಿಲ್ಲಲಿಲ್ಲ. ಕೈ ಎತ್ತಿಲ್ಲ, ಒದ್ದದ್ದು ಕಾಲು. ಅದೂ ಮಷೀನಿಗೆ.

ಮನೆಗೆ ಬಂದು ಗೋಣಿ ಹೊಲಿಯುವ ದಬ್ಬಳ ತೆಗೆದುಕೊಂಡು ಕಿಂಡಿಗಳನ್ನೆಲ್ಲ ನಾನೇ ಹೊಲಿದೆ. ಹೊಲಿಗೆಯ ಮೇಲೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಅಂಟು ಹಚ್ಚಿದೆ. ಈಗ ನೀರಿನ ಕೊಡದ ಹಾಗೆ, ಎಲ್ಲೂ ಸೋರುವುದಿಲ್ಲ.

ಏಪ್ರಿಲ್ 10, ಗುರುವಾರ

53.9!

ಐನೂರು ಗ್ರಾಂ ಏರಿದೆ. ಕಿಂಡಿ ಮುಚ್ಚಿದ ಮೇಲೆ ಇನ್ನೂ ಇಳಿಯಬೇಕು, ಇಲ್ಲಿ ಏರಿದೆ. ಸಂಗನಬಸವ ಕಾಟಾಕ್ಕೆ ಎರಡು ಸಲ ಕೈ ತಟ್ಟಿ ನೋಡಿದ. ಕಾಟಾ ಸರಿ ಇದೆ. ಹಾಗಾದರೆ ಒಂದೇ ಅರ್ಥ. ದಾರಿಯಲ್ಲಿ ನಾನು ಪೆಟ್ರೋಲ್ ಹಾಕಿಸಲು ಐದು ನಿಮಿಷ ನಿಂತಿದ್ದೆ. ಆಗ ಎಲ್ಲೋ ಹೊಟ್ಟೆತುಂಬ ನೀರು ಕುಡಿದಿದ್ದಾಳೆ.

"ಎಲ್ಲಿ ಕುಡದಿ?"

"ಕುಡದಿಲ್ಲಪ್ಪ."

"ಕಾಟಾ ಸುಳ್ಳ ಹೇಳತೈತೇನಲೇ?"

"ನಾ ಕುಡದಿಲ್ಲ."

ಕಪಾಳಕ್ಕೆ ಒಂದು ಬಿಟ್ಟೆ. ಕೂತವರೆಲ್ಲ ಎದ್ದು ನಿಂತರು. ಅಂಗಡಿ ಗರಡಿಯಲ್ಲ, ನಿಜ. ಆದರೆ ತೂಕ ಗರಡಿಯ ವಿಷಯ. ಅವಳು ಅಳಲಿಲ್ಲ. ಮುಖ ಕೆಂಪಗೆ ಉಬ್ಬಿತ್ತು, ಅದು ಓಟದ ಕೆಂಪೋ ನನ್ನ ಬೆರಳಿನ ಕೆಂಪೋ ಗೊತ್ತಾಗಲಿಲ್ಲ. ಇಂದಿನಿಂದ ನೀರು ದಿನಕ್ಕೆ ನಾಲ್ಕು ಲೋಟ, ನನ್ನ ಕಣ್ಣೆದುರಿಗೆ.

ಏಪ್ರಿಲ್ 14, ಸೋಮವಾರ

52.6. ರೊಟ್ಟಿ ಒಂದಕ್ಕೆ ಇಳಿಸಿದ್ದೇನೆ, ನೀರು ಮೂರು ಲೋಟಕ್ಕೆ. ಆದರೂ ಬಂಡಿ ಬೇಕಾದಷ್ಟು ಓಡುತ್ತಿಲ್ಲ. ಸುಳ್ಳು ಹೇಳುವವಳ ಜೊತೆ ಕುಸ್ತಿ ಮಾಡುವುದು ನನ್ನಿಂದ ಆಗದು.

ಸಂಜೆ ಗರಡಿಯಲ್ಲಿ ಒಂದು ಒಳ್ಳೆಯದು ಆಯಿತು. ಅಣ್ಣನ ಮಗ ಹೇಮಂತ ಅವಳ ಜೊತೆ ಪಟ್ಟು ಹಾಕುತ್ತಿದ್ದ. ಅವಳಿಗಿಂತ ಹತ್ತು ಕಿಲೋ ಹೆಚ್ಚು. "ಯಾಕಬೇ, ಗಾಳಿಗೆ ಹಾರಾಕತ್ತಿ?" ಎಂದು ಚೇಷ್ಟೆ ಮಾಡಿದ. ಹುಡುಗಿ ಒಮ್ಮೆಲೇ ಅವನ ಕೈ ಹಿಡಿದು ಹೆಗಲ ಮೇಲಿಂದ ಎತ್ತಿ ಒಗೆದಳು. ಅವನು ಬಿದ್ದ ಮೇಲೂ ಕೈ ಬಿಡಲಿಲ್ಲ, ತಿರುವಿದಳು. ಸೋತೆ ಎಂದು ಅವನು ನೆಲ ಬಡಿದ. ಅವಳು ಬಿಡಲಿಲ್ಲ. ಭುಜ ಕಟಕ್ ಎಂದದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ನಾನು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ಗುರುತು ಹಿಡಿದ ಹಾಗೆ ಇರಲಿಲ್ಲ.

ಹೇಮಂತನನ್ನು ಎಲುಬು ಕೂರಿಸುವವರ ಹತ್ತಿರ ಕರೆದೊಯ್ದರು. ಅತ್ತಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದಳು. ಬೈಯಲಿ. ಇಷ್ಟು ದಿನ ಹುಡುಗಿಯಲ್ಲಿ ಇಲ್ಲದ್ದು ಈ ಕಿಚ್ಚೇ. ಈಗ ಬಂದಿದೆ. ಮೈ ಮುಟ್ಟಿದರೆ ಸುಡುತ್ತಿತ್ತು.

ಏಪ್ರಿಲ್ 16, ಬುಧವಾರ

51.9. ಬಾಕಿ ಇರುವುದು ನಾಲ್ಕು ದಿನ.

ಶೈಲಾಗೆ ಬಾರುಕೋಲಿನಿಂದ ಮೂರು ಏಟು ಕೊಟ್ಟೆ. ತಾಡಪತ್ರಿಯ ಮೇಲೆಯೇ ಕೊಟ್ಟದ್ದು. ಅದರ ಕೆಳಗೆ ಸ್ವೆಟರಿದೆ, ಅದರ ಕೆಳಗೆ ಬನಿಯನ್ನಿದೆ, ಮೈಗೆ ತಾಗಿರಲಿಕ್ಕಿಲ್ಲ. ಹೊಡೆದಾಗ ಒಳಗಿನಿಂದ ಪಚ್ ಪಚ್ ಎಂದು ನೀರಿನ ಸದ್ದು ಬಂತು. ನೋಡು ಎಷ್ಟು ಬೆವರಿದ್ದಾಳೆ, ಎಂದು ಮನಸ್ಸಿಗೆ ಸಮಾಧಾನವೂ ಆಯಿತು.

ರಾತ್ರಿಯ ಊಟಕ್ಕೆ ಮೊದಲು ಅಡಿಗೆಮನೆಗೆ ಬೀಗ ಹಾಕಲು ಹೋದೆ, ನೀರಿನ ಕೊಡಗಳೆಲ್ಲ ಅಲ್ಲಿಯೇ ಇರುವುದು. ಅನ್ನವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹಡದಾಕಿ ನಾ. ಕೂಸಿಗೆ ನೀರ ಕೊಡಬ್ಯಾಡ ಅನ್ನಾಕ ನೀವ್ಯಾರು?"

"ವಸ್ತಾದ."

"ಹಂಗಾರ ಅಪ್ಪ ಎಲ್ಲಿ ಹೋದ?"

ಅವಳನ್ನು ಬದಿಗೆ ನೂಕಿದೆ. ಹೊಸ್ತಿಲು ಎಡವಿ ಬಿದ್ದಳು. ಬಳೆ ಒಡೆದು ಮುಂಗೈ ಕೊಯ್ದಿತು. ನಾನು ಬೀಗ ಜಡಿದೆ. ನಾನು ನೂಕಿದ್ದು ಮೆಲ್ಲಗೆ. ಅವಳು ಬಿದ್ದದ್ದು ಜೋರಾಗಿ. ಗೆದ್ದು ಬಂದ ದಿನ ಇವರೇ ನನಗೆ ಆರತಿ ಮಾಡುತ್ತಾರೆ.

ಏಪ್ರಿಲ್ 17, ಗುರುವಾರ

51.4. ಇನ್ನೂ ಒಂದು ಕಿಲೋ ನಾನೂರು.

"ಅಪ್ಪಾ, ಇವತ್ತ ಅಂಗಿ ಕಳದು ತೂಗರಿ. ಬರೇ ಒಂದ ಸಲ. ಅಂಗಡಿ ಹಿಂದಿನ ಖೋಲ್ಯಾಗ ಮೈಮುನಬಿ ಕಾಕುನ್ನ ನಿಲ್ಲಿಸಿ ತೂಗರಿ" ಎಂದಳು.

ಮೈಮುನಬಿಯ ಹೆಸರು ಕೇಳಿ ತಲೆ ಕೆಟ್ಟಿತು. ಇವರಿಬ್ಬರದೂ ಒಳಗೊಳಗೇ ಮಾತಾಗಿದೆ. ಬೇಡ ಎಂದೆ. ನಾಳೆ ಎರಡು ಓಟ. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡಕ್ಕೆ ಇನ್ನೊಂದು.

ಏಪ್ರಿಲ್ 18, ಶುಕ್ರವಾರ

ಬಿದ್ದಳು. ಹುಬ್ಬಳ್ಳಿಗೆ ಒಯ್ದಿದ್ದಾರೆ. ನನ್ನನ್ನು ಗಾಡಿ ಹತ್ತಲು ಬಿಡಲಿಲ್ಲ.

ಏಪ್ರಿಲ್ 19, ಶನಿವಾರ

ನಿನ್ನೆಯದು ಬರೆಯಬೇಕು. ಬರೆಯದೆ ಕೂತರೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ.

ಎರಡನೆಯ ಓಟ. ಹಳ್ಳದ ಸೇತುವೆ ದಾಟಿ ಊರಿನ ಕಡೆ ತಿರುಗಿದ್ದೆವು. ಅವಳು ಓಡುತ್ತ ರಸ್ತೆಯ ಎಡಕ್ಕೆ ಹೋದಳು, ಬಲಕ್ಕೆ ಬಂದಳು, ಕುಡಿದವರ ಹಾಗೆ. ನಾಟಕ ಮಾಡಬ್ಯಾಡ, ಎಂದು ಹಾರ್ನ್ ಒತ್ತಿದೆ. ಎದುರಿಗೆ ಯಾರೂ ಇರಲಿಲ್ಲ, ಆದರೆ ಅವಳು ಯಾರಿಗೋ ಪಟ್ಟು ಹಾಕುವವಳಂತೆ ಎರಡೂ ಕೈ ಚಾಚಿದಳು. ನಂತರ ಮುಖ ಕೆಳಗಾಗಿ ಡಾಂಬರಿನ ಮೇಲೆ ಬಿದ್ದಳು. ಮೈಯೆಲ್ಲ ಬಡಿದುಕೊಳ್ಳತೊಡಗಿತು. ಹಲ್ಲು ನಾಲಿಗೆ ಕಚ್ಚಿ ರಕ್ತ ಬಂತು. ಎತ್ತಿಕೊಂಡು ಓಡಿದೆ. ಹತ್ತಿರದ ಮನೆ ಮೈಮುನಬಿಯದು.

ನಾನು ಬಾಯಿ ತೆರೆಯುವ ಮೊದಲೇ ಅವಳು ದೊಡ್ಡ ಕತ್ತರಿ ಹಿಡಿದು ಬಂದಳು. ಒಂದು ಕಾಲು ಎಳೆದುಕೊಂಡು ಬಂದಳು, ಪಾದಕ್ಕೆ ಇನ್ನೂ ಬಟ್ಟೆ ಸುತ್ತಿತ್ತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ತಾಡಪತ್ರಿ ಸೀಳಿದಳು. ಒಳಗಿನಿಂದ ಹಬೆ ಬಂತು. ಸುಳ್ಳಲ್ಲ, ಹಬೆಯೇ ಬಂತು. ಸ್ವೆಟರು ಕತ್ತರಿಸಿದಳು, ಬನಿಯನ್ನು ಕತ್ತರಿಸಿದಳು, ನನಗೆ ಬೆನ್ನು ತಿರುಗಿಸಲು ಹೇಳಿದಳು. ತಿರುಗುವ ಮೊದಲು, ಬಟ್ಟೆ ಎಳೆಯಲು ಮಗ್ಗುಲಾಗಿಸಿದಾಗ, ಶೈಲಾಳ ಬೆನ್ನು ಕಂಡಿತು. ಬಾರುಕೋಲಿನ ಮೂರೂ ಗೆರೆ ಅಲ್ಲಿದ್ದವು.

ಪ್ಯಾಂಟು, ಪೈಜಾಮವನ್ನೂ ಕತ್ತರಿಸಿ ತೆಗೆದು, ತೆಳ್ಳನೆಯ ನೂಲಿನ ಸೀರೆ ನೆನೆಸಿ ಹೊದಿಸಿ ಬೀಸಣಿಗೆಯಿಂದ ಬೀಸಿದಳು, ನೀರು ಚಿಮುಕಿಸಿ ಮತ್ತೆ ಬೀಸಿದಳು. "ಆರು, ನಮ್ಮವ್ವ, ಆರು" ಎನ್ನುತ್ತಿದ್ದಳು. ಕತ್ತರಿಸಿ ಒಗೆದ ಬಟ್ಟೆಗಳನ್ನು ನಾನು ಏನು ಮಾಡಬೇಕೆಂದು ತಿಳಿಯದೆ ಒಂದು ಯೂರಿಯಾ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಸಂಗನಬಸವ ಗಾಡಿ ತಂದ. ಅನ್ನವ್ವ ಓಡಿಬಂದಳು. ಅವಳ ಕೈಯಲ್ಲಿ ಒಲೆಯ ಕಟ್ಟಿಗೆ ಇತ್ತು. ಅದು ನನ್ನ ಕಿವಿಯ ಮೇಲೆ ಬಿತ್ತು, ಮತ್ತೆ ಹೆಗಲ ಮೇಲೆ. ಇಪ್ಪತ್ತರ ಹುಡುಗರು ಕದಲಿಸಲಾರದ ಕಾಲು ನಿಂತಲ್ಲೇ ಮಡಚಿಕೊಂಡಿತು. "ಗಾಡಿ ಹತ್ತಿದ್ರ ಕೊಂದ ಬಿಡ್ತೀನಿ" ಎಂದಳು. ಹತ್ತಲಿಲ್ಲ.

ಮನೆಗೆ ಬಂದೆ. ಚೀಲ ಹೆಗಲ ಮೇಲೆ ಇತ್ತು. ದಾರಿಯಲ್ಲಿ ಒಂದು ಕಡೆ ಇಳಿಸಿ ಹೆಗಲು ಬದಲಿಸಿದೆ. ಆಗಲೂ ನನಗೆ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಹೊಳೆಯಿತು. ಎರಡು ಕಿಲೋ ಬಟ್ಟೆಗೆ ಯಾಕೆ ಹೆಗಲು ಬದಲಿಸಿದೆ? ಅಂಗಡಿಗೆ ಹೋದೆ. ಚೀಲ ಬಿಚ್ಚಿ, ತಾಡಪತ್ರಿ, ಸ್ವೆಟರು, ಪೈಜಾಮ, ಬನಿಯನ್ನು ಎಲ್ಲವನ್ನೂ ಕಾಟಾದ ಮೇಲೆ ಇಟ್ಟೆ. ಮೂರು ಕಿಲೋ ಆರುನೂರು.

ಎರಡು ಕಿಲೋ ನೂರಲ್ಲ. ಮೂರು ಕಿಲೋ ಆರುನೂರು.

ಉಣ್ಣೆ ಹಿಂಡಿದೆ. ಕಾಟಾದ ತಗಡಿನ ಮೇಲೆ ನೀರು ಸುರಿಯಿತು. ಉಪ್ಪುಪ್ಪು ವಾಸನೆ. ಬೆವರು ಅವಳ ಮೈಯಿಂದ ಹೋಗಿತ್ತು, ಬಟ್ಟೆಯಿಂದ ಹೋಗಿರಲಿಲ್ಲ. ಹೋಗಲು ನಾನು ದಾರಿ ಬಿಟ್ಟಿರಲಿಲ್ಲ. ಒಂದೂವರೆ ಕಿಲೋ ಬೆವರನ್ನು ಅವಳ ಮೈಮೇಲೆಯೇ ಹೊರಿಸಿ, ಅದನ್ನು ಅವಳ ತೂಕ ಎಂದು ಬರೆದುಕೊಂಡೆ. ಕಿಂಡಿ ಮುಚ್ಚಿದ ಮರುದಿನ ತೂಕ ಏರಿದ್ದು ಅದಕ್ಕೆ. ಅವಳು ಅವತ್ತು ಕುಡಿದಿರಲಿಲ್ಲ. ಯಾವತ್ತೂ ಕದ್ದು ಕುಡಿದಿರಲಿಲ್ಲ.

ಗುರುವಾರ ನಾನು 51.4 ಎಂದು ಬರೆದಿದ್ದೇನೆ. ಒಂದೂವರೆ ಕಳೆದರೆ 49.9. ಗುರುವಾರವೇ ಅವಳು ಐವತ್ತರ ಒಳಗೆ ಇದ್ದಳು. ಅಂಗಿ ಕಳೆದು ತೂಗಿ ಎಂದು ಅವಳು ಕೇಳಿದ್ದು ಗುರುವಾರವೇ.

ಸಂಗನಬಸವ ಕಾಟಾ ಒರೆಸಲು ಬಟ್ಟೆ ತಂದ. ನಾನೇ ಒರೆಸುತ್ತೇನೆ ಎಂದೆ. ಬಹಳ ಹೊತ್ತು ಒರೆಸಿದೆ.

ಏಪ್ರಿಲ್ 20, ರವಿವಾರ

ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಇದೇ ಹೊತ್ತಿಗೆ ಧಾರವಾಡದಲ್ಲಿ ಹುಡುಗಿಯರ ಹೆಸರು ಕೂಗುತ್ತಿರುತ್ತಾರೆ ಎಂಬುದು ಬಸ್ಸಿನಿಂದ ಇಳಿದ ಮೇಲೆ ನೆನಪಾಯಿತು.

ಬದುಕುತ್ತಾಳೆ ಎಂದರು ಡಾಕ್ಟರು. ಮೈ ಕಾದು ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಕಾಲಾವಕಾಶ ಬೇಕು, ಕುಸ್ತಿಯ ಮಾತು ಈಗ ಎತ್ತಬೇಡಿ ಎಂದರು. ನಾನು ಎತ್ತಿರಲಿಲ್ಲ. ಅನ್ನವ್ವ ಬಾಗಿಲಲ್ಲಿ ಕೂತಿದ್ದಳು. ಮುಂಗೈಗೆ ಪಟ್ಟಿ ಇತ್ತು. ನನ್ನನ್ನು ನೋಡಿದಳು, ಕಾಲು ಬದಿಗೆ ತೆಗೆದುಕೊಂಡಳು.

ಶೈಲಾ ತೆಳ್ಳನೆಯ ಬಿಳಿ ಅಂಗಿಯಲ್ಲಿ ಮಲಗಿದ್ದಳು, ಮೇಲೆ ಫ್ಯಾನು. ಎಡಗೈಗೆ ಸಲೈನು. ಡಾಂಬರಿಗೆ ತರಚಿದ ಗಲ್ಲ ಕಪ್ಪಾಗಿತ್ತು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಬಂದದ್ದು ಇಷ್ಟೇ.

"ಬಟ್ಟಿ ತೂಗಿದೆ. ಮೂರು ಕಿಲೋ ಆರನೂರ ಇತ್ತು. ನೀ ನೀರ ಕುಡದಿದ್ದಿಲ್ಲ."

ಅವಳು ಫ್ಯಾನನ್ನೇ ನೋಡುತ್ತ ಹೇಳಿದಳು. "ನಂಗ ಗೊತ್ತಿತ್ತಲ್ಲಪ್ಪ."

ಹೌದು. ಅವಳಿಗೆ ಗೊತ್ತಿತ್ತು. ಇದನ್ನು ಅವಳಿಗೆ ಹೇಳಲು ನಾನು ಬಸ್ಸು ಹಿಡಿದು ಬಂದಿದ್ದೆ.

ಸ್ವಲ್ಪ ಹೊತ್ತಿಗೆ ಅವಳ ನಾಲಿಗೆ ತುಟಿಯ ಮೇಲೆ ಆಡಿತು. ನೀರು ಬೇಕೇನೋ ಎಂದು ಮೇಜಿನ ಮೇಲಿನ ಲೋಟ ತುಂಬಿದೆ. ಕುಡಿಯಲಿ, ಎಷ್ಟು ಬೇಕಾದರೂ ಕುಡಿಯಲಿ. ಅವಳ ತಲೆಯ ಕೆಳಗೆ ಒಂದು ಕೈ ಕೊಟ್ಟು ಎತ್ತಬೇಕೆಂದು ಬಗ್ಗಿ ಕೈ ಚಾಚಿದೆ.

ಸಲೈನು ಹಚ್ಚಿದ ಕೈಯನ್ನೇ ಅವಳು ಮುಖಕ್ಕೆ ಅಡ್ಡ ತಂದಳು. ಮೊಣಕೈ ಒಳಗೆ, ಗದ್ದ ಎದೆಗೆ, ಕಣ್ಣು ಮುಚ್ಚಿ. ನಳಿಗೆಯಲ್ಲಿ ರಕ್ತ ಹಿಂದಕ್ಕೆ ಏರಿತು.

ಲೋಟ ಮೇಜಿನ ತುದಿಗೆ, ಅವಳ ಕೈಗೆ ಎಟುಕುವಲ್ಲಿ ಇಟ್ಟೆ. ಹಿಂದೆ ಸರಿದೆ. ಇನ್ನೂ ಎರಡು ಹೆಜ್ಜೆ ಸರಿದೆ. ಬಾಗಿಲು ದಾಟಿ ಅನ್ನವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತ ಮೇಲೆ ಒಳಗೆ ಅವಳು ನೀರು ಕುಡಿಯುವ ಸದ್ದು ಕೇಳಿಸಿತು.